ಏಳನೆಯ ಹರಿವಾಣ

ಟೈ ಕಟ್ಟಿಸಿಕೊಳ್ಳಲು ಖಾಂಗ್ ಗದ್ದ ಎತ್ತಿ ಸೂರು ನೋಡುತ್ತ ನಿಂತಿದ್ದ. ಲುವಾನನ ಬೆರಳು ಕುತ್ತಿಗೆಗೆ ತಾಗಿದಾಗಲೆಲ್ಲ ಕಚಗುಳಿಯಾದವನಂತೆ ನಗುತ್ತಿದ್ದ. ಗಂಟು ಮೊದಲ ಸಲಕ್ಕೇ ಸರಿಯಾಗಿ ಕೂತಿತ್ತು. ಆದರೂ ಲುವಾನ್ ನೆಟ್ಟಗಿಲ್ಲ ಅಂದು ಬಿಚ್ಚಿ ಮತ್ತೆ ಕಟ್ಟಿದ. ಇದು ಸುಳ್ಳೆಂದು ತನಗೊಬ್ಬನಿಗೇ ಗೊತ್ತು ಎನ್ನುವುದರಲ್ಲಿ ಸಣ್ಣ ಕಳ್ಳತನದ ಸುಖವಿತ್ತು, ಸುಖದ ಬೆನ್ನಿಗೇ ನಾಚಿಕೆ. ಇವತ್ತು ಇವನ ನಿಶ್ಚಿತಾರ್ಥ, ಇವತ್ತಾದರೂ ಸುಮ್ಮನಿರಬಾರದೆ ಅಂದುಕೊಂಡ. ಖಾಂಗನ ಮೇಲೆ ತನಗಿರುವುದು ಪ್ರೀತಿ. ಅದಕ್ಕೆ ಸ್ನೇಹ, ಸಲಿಗೆ, ಅಭ್ಯಾಸ ಎಂದು ಬೇರೆ ಬೇರೆ ಹೆಸರು ಕೊಟ್ಟು ನೋಡಿ, ಯಾವುದೂ ಹೊಂದದೆ, ಈಚೆಗೆ ಹೆಸರು ಹುಡುಕುವುದನ್ನೇ ಬಿಟ್ಟಿದ್ದ. ಖಾಂಗ್ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ಹೆಣ್ಣಿನ ಮನೆಗೆ ಉಡುಗೊರೆಯ ಹರಿವಾಣ ಹೊರುವ ಹುಡುಗರಿಗೆಂದು ಇಟ್ಟಿದ್ದ ಕೆಂಪು ಲಕೋಟೆಗಳಲ್ಲಿ ಒಂದನ್ನು ತೆಗೆದು ಲುವಾನನ ಅಂಗಿಯ ಜೇಬಿಗೆ ತಾನೇ ತುರುಕಿ, ಎದೆಯ ಮೇಲೆ ತಟ್ಟಿದ. ಇನ್ನೊಬ್ಬರ ನಿಶ್ಚಿತಾರ್ಥಕ್ಕೆ ಹರಿವಾಣ ಹೊತ್ತರೆ ಮದುವೆಯಾಗದ ಹುಡುಗನ ಮದುವೆಯೋಗ ಅವರ ಮನೆಯಲ್ಲೇ ಉಳಿದುಬಿಡುತ್ತದಂತೆ. ಅದಕ್ಕೇ ಹೊತ್ತು ತಂದ ಹುಡುಗನೂ ಇಳಿಸಿಕೊಂಡ ಹುಡುಗಿಯೂ ಲಕೋಟೆ ಬದಲಿಸಿಕೊಂಡು ಒಬ್ಬರ ಯೋಗವನ್ನು ಒಬ್ಬರಿಗೆ ಹಿಂದಿರುಗಿಸಬೇಕು. ಮುಂದಿನ ವರ್ಷ ನಿನ್ನ ಹರಿವಾಣ ನಾನು ಹೊರುತ್ತೇನೆ ಅಂದ ಖಾಂಗ್. ಮದುವೆಯಾದವನು ಹೊರುವಂತಿಲ್ಲ ಎನ್ನುವುದು ಸಂಭ್ರಮದಲ್ಲಿ ಅವನಿಗೆ ಮರೆತುಹೋಗಿತ್ತು. ಲುವಾನ್ ನೆನಪಿಸಲಿಲ್ಲ.

ಕಿಟಕಿಯಾಚೆ ಸೈಗಾನ್ ಆಗಲೇ ಗುಂಯ್‌ಗುಡುತ್ತಿತ್ತು. ಮೊನ್ನೆ ರೈಲಿಳಿದು ನಿಲ್ದಾಣದ ಹೊರಗೆ ನಿಂತಾಗ ಮೊದಲು ಮುಖಕ್ಕೆ ಬಡಿದದ್ದು ಈ ಸದ್ದಲ್ಲ, ಸೆಕೆ. ನಾಮ್‌ದಿನ್‌ನಲ್ಲಿ ಉತ್ತರದ ತನ್ನೂರಿನ ಚಳಿಗೆ ಹತ್ತಿ ತುಂಬಿದ ಕೋಟು ತೊಟ್ಟು ರೈಲು ಹತ್ತಿದ್ದ ಲುವಾನ್, ದಾರಿಯುದ್ದಕ್ಕೂ ಒಂದೊಂದೇ ಬಟ್ಟೆ ಕಳಚುತ್ತ ಬಂದು, ಕೊನೆಗೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಪೆದ್ದನಂತೆ ನಿಂತಿದ್ದ. ಎದುರಿಗೆ ರಸ್ತೆ ಎಂಬುದೇ ಕಾಣುತ್ತಿರಲಿಲ್ಲ. ಮೋಟಾರುಬೈಕುಗಳು, ಬೈಕಿನ ಮೇಲೆ ಇಡೀ ಸಂಸಾರಗಳು, ಕೋಳಿಬುಟ್ಟಿಗಳು, ಒಂದು ಬೈಕಿನ ಮೇಲಂತೂ ನಿಲುವುಗನ್ನಡಿ. ಆ ಕನ್ನಡಿಯಲ್ಲಿ ಒಂದು ಕ್ಷಣ ತನ್ನ ಮುಖ ಹಾದುಹೋದದ್ದನ್ನು ನೋಡಿ ಅವನಿಗೆ ಗಾಬರಿಯಾಯಿತು. ಈ ಊರಿಗೆ ಬಂದು ಎರಡು ವರ್ಷವಾಗಿದ್ದ ಖಾಂಗ್ ಮಾತ್ರ ಮನೆಯ ಅಂಗಳದಲ್ಲಿ ನಿಂತವನಂತೆ ನಿಂತು, ಅವನ ಮಣಿಕಟ್ಟು ಹಿಡಿದುಕೊಂಡು ಸೀದಾ ಆ ಪ್ರವಾಹಕ್ಕೆ ಇಳಿದ. "ನಿಲ್ಲಬೇಡ, ಓಡಬೇಡ, ಹಿಂದಕ್ಕಂತೂ ಹೆಜ್ಜೆ ಇಡಲೇಬೇಡ. ನೀನು ನಡೀತಾ ಇರು, ಅವರೇ ತಪ್ಪಿಸ್ಕೊಂಡು ಹೋಗ್ತಾರೆ." ಹಾಗೆಯೇ ಆಯಿತು. ಆಚೆ ದಡ ಮುಟ್ಟಿದ ಮೇಲೆ ಖಾಂಗ್ ಕೈಬಿಟ್ಟ. ರಸ್ತೆ ಇನ್ನಷ್ಟು ಅಗಲವಿರಬಾರದಿತ್ತೆ ಎಂದು ಲುವಾನನಿಗೆ ಅನಿಸಿತ್ತು.

ಆಮೇಲೆ ಯಾರದೋ ಬೈಕು ಎರವಲು ತಂದು ಖಾಂಗ್ ಅವನನ್ನು ಸಂಜೆಯವರೆಗೂ ಸುತ್ತಿಸಿದ. ಇದು ನಾನು ಕೆಲಸ ಮಾಡುವ ಕುರ್ಚಿ ಕಾರ್ಖಾನೆ, ಇದು ನಾನು ಥೂಯ್‌ಳನ್ನು ಮೊದಲು ನೋಡಿದ ಔಷಧಿ ಅಂಗಡಿ, ಇಲ್ಲಿ ಸಾರಿಗೂ ಸಕ್ಕರೆ ಹಾಕುತ್ತಾರೆ, ಮೊದಮೊದಲು ಉಗಿಯುತ್ತಿದ್ದೆ, ಈಗ ಊರಿನ ಸಾರೇ ಸಪ್ಪೆ. ಹಿಂದೆ ಕೂತ ಲುವಾನನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಊರಿನ ಚಳಿಯಲ್ಲಿ ಹಿಂದೆ ಕೂತವನು ಮುಂದಿನವನ ಕೋಟಿನ ಜೇಬಿನೊಳಗೆ ಎರಡೂ ಕೈ ತೂರಿಸಿ ಕೂರುವುದು ಎಲ್ಲರೂ ಮಾಡುವುದೇ, ಯಾರೂ ತಿರುಗಿ ನೋಡುವುದಿಲ್ಲ. ಖಾಂಗನ ಜೇಬಿನ ಹರಿದ ಮೂಲೆ, ಅದರಲ್ಲಿ ಸೇರಿಕೊಂಡಿದ್ದ ಕಡಲೆಕಾಯಿ ಸಿಪ್ಪೆ ಎಲ್ಲ ಅವನ ಬೆರಳಿಗೆ ಪರಿಚಯ. ಈ ಊರಿನಲ್ಲಿ ಚಳಿಯಿಲ್ಲ, ಕೋಟಿಲ್ಲ, ಜೇಬಿಲ್ಲ. ತೆಳು ಅಂಗಿ ಬೆವರಿಗೆ ಅಂಟಿಕೊಂಡ ಬೆನ್ನೊಂದೇ ಮುಂದೆ. ಅವನು ಸೀಟಿನ ಹಿಂದಿನ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದು ಕೂತ. ಬೀಳ್ತೀಯಲೋ, ಹಿಡ್ಕೋ ಅಂದ ಖಾಂಗ್. ಹಿಡ್ಕೊಂಡಿದೀನಿ ಅಂದ ಇವನು.

ಹರಿವಾಣಗಳು ಏಳು. ದುಂಡನೆಯ ಕೆಂಪು ಅರಗಿನವು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕೆಂಪು ಬಟ್ಟೆ. ಎಲೆಯಡಿಕೆ, ಚಹಾ, ಮದ್ಯ, ಹಣ್ಣು ಎಲ್ಲ ಇಲ್ಲಿಯೇ ಕೊಂಡದ್ದು. ಊರಿನಿಂದ ಬಂದದ್ದು ಒಂದೇ, ಎಳೆ ಭತ್ತದ ಹಸಿರು ಅವಲಕ್ಕಿಯ ಸಿಹಿ. ಅದನ್ನು ಮಾಡಿದವಳು ಲುವಾನನ ಅಮ್ಮ. ಹಸಿರು ಚೂರೂ ಕಂದದಂತೆ ಸಣ್ಣ ಉರಿಯಲ್ಲಿ ಹುರಿದು, ಕುಟ್ಟಿ, ಹೆಸರುಬೇಳೆಯ ಹೂರಣವಿಟ್ಟು, ಚೌಕಾಕಾರ ಮಡಿಸಿ, ಬಾಳೆಲೆ ಸುತ್ತಿದ್ದಳು. ಮೇಲೆ ಕೆಂಪು ದಾರ ಕಟ್ಟಿದವನು ಲುವಾನ್. ಖಾಂಗನಿಗೆ ಅಪ್ಪ ಅಮ್ಮ ಇಲ್ಲ, ಇರುವವನು ಚಿಕ್ಕಪ್ಪನೊಬ್ಬ, ಹಾಗಾಗಿ ಆ ಮನೆಯ ಹೆಣ್ಣುಕೈ ಕೆಲಸವೆಲ್ಲ ಮೊದಲಿನಿಂದಲೂ ಅಮ್ಮನದೇ. ಹೆಣ್ಣಿನ ಮನೆಯವರು ಪ್ರತಿ ಹರಿವಾಣದಲ್ಲೂ ಅರ್ಧ ಇಟ್ಟುಕೊಂಡು ಅರ್ಧ ವಾಪಸು ಕೊಡುತ್ತಾರೆ, ಕೊಡುವಾಗ ಮುಚ್ಚಳ ಮುಚ್ಚದೆ ಅಂಗಾತ ಮಾಡಿ ಇಡುತ್ತಾರೆ. ಅಂಗಾತ ಮುಚ್ಚಳ ಕಂಡರೆ ಒಪ್ಪಿಕೊಂಡರು ಎಂದು ಬೀದಿಗೆಲ್ಲ ತಿಳಿಯುತ್ತದೆ. "ಹಾಗೇ ತಗೊಂಡು ಬಾ," ಅಂದಿದ್ದಳು ಅಮ್ಮ. "ಮುಚ್ಚಳ ಮುಟ್ಟಬೇಡ. ನಾನು ಕಣ್ಣಾರೆ ನೋಡ್ಬೇಕು." ರೈಲಿನಲ್ಲಿ ಎರಡು ರಾತ್ರಿ ಲುವಾನ್ ಆ ಸಿಹಿಯ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ. ಇವರನ್ನು ಕರೆದೊಯ್ಯಲೆಂದು ಊರಿಗೆ ಬಂದಿದ್ದ ಖಾಂಗ್ ಎದುರಿನ ಬೆಂಚಿನಲ್ಲಿ ಬಾಯಿ ತೆರೆದು ಮಲಗಿದ್ದ. ಈ ರೈಲು ಎಲ್ಲಾದರೂ ನಿಂತುಬಿಡಲಿ, ಸೇತುವೆ ಕೆಟ್ಟಿರಲಿ, ಮುಹೂರ್ತ ಮೀರಲಿ ಎಂದು ಲುವಾನ್ ಬಯಸಿದ್ದು ನಿಜ. ಬಯಸಿದ ಮರುಗಳಿಗೆಯೇ ತೊಡೆಯ ಮೇಲಿನ ಬುಟ್ಟಿ ಭಾರವೆನಿಸಿತ್ತು. ಆಮೇಲೆ ಬೇರೆ ಏನನ್ನೂ ಕೇಳಿಕೊಳ್ಳದೆ ಒಂದನ್ನು ಮಾತ್ರ ಕೇಳಿಕೊಂಡ: ಖಾಂಗ್ ಆ ಮನೆಯ ಹಿರಿಯರ ಪಟದ ಮುಂದೆ ಊದಿನಕಡ್ಡಿ ಹಚ್ಚುವಾಗ ತಾನು ಒಳಗೆ, ಅವನ ಹಿಂದೆ, ಎಲ್ಲಾದರೂ ಒಂದು ಕಡೆ ನಿಂತಿರಬೇಕು. ಕೊಡುವುದನ್ನು ಕಣ್ಣಾರೆ ನೋಡಿ ಕೊಡಬೇಕು. ಅಷ್ಟಾದರೆ ಊರಿಗೆ ಹೋಗಿ ಬದುಕಿಕೊಳ್ಳಬಹುದು ಅನಿಸಿತ್ತು.

ಖಾಂಗ್ ಮದುವೆಯಾಗಲಿರುವ ಥೂಯ್‌ಳ ಮನೆ ದೊಡ್ಡ ರಸ್ತೆಗೆ ಅಂಟಿಕೊಂಡ ಒಂದು ಇಕ್ಕಟ್ಟು ಗಲ್ಲಿಯಲ್ಲಿತ್ತು. ಗಲ್ಲಿಯ ಬಾಯಲ್ಲಿ ವ್ಯಾನು ನಿಲ್ಲಿಸಿ, ಹುಡುಗರು ಹರಿವಾಣ ಹಿಡಿದು ಸಾಲಾಗಿ ನಿಂತರು. ಉಳಿದ ಆರೂ ಜನ ಖಾಂಗನ ಕಾರ್ಖಾನೆಯವರು, ಸೈಗಾನಿನವರು, ಅವರ ತಮಾಷೆಗಳು ಲುವಾನನಿಗೆ ಅರ್ಧಂಬರ್ಧ ತಿಳಿಯುತ್ತಿದ್ದವು. ಮುಂದೆ ಚಿಕ್ಕಪ್ಪ, ಹಿಂದೆ ಖಾಂಗ್, ಎಲೆಯಡಿಕೆಯವನ ಹಿಂದೆ ಲುವಾನ್. ಆಚೆ ತುದಿಯಲ್ಲಿ ಉದ್ದನೆಯ ಹಳದಿ ನಿಲುವಂಗಿ ತೊಟ್ಟ ಏಳು ಹುಡುಗಿಯರು ಕಾಯುತ್ತಿದ್ದರು. ಇನ್ನೇನು ಹೆಜ್ಜೆ ಎತ್ತಬೇಕು, ಆಗ ಮನೆಯೊಳಗಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು, ಸಾಲಿನ ಮೇಲೆ ಕಣ್ಣಾಡಿಸಿ, ಬಾಗಿಲಿಗೆ ಅಡ್ಡವಾಗಿ ನಿಂತಳು. ಥೂಯ್‌ಳ ಅಜ್ಜಿ, ನದೀಮುಖದ ಹಳ್ಳಿಯಿಂದ ಅಂದು ಬೆಳಿಗ್ಗೆ ಬಂದಿಳಿದವಳು. ಮದುವೆ ವಿಷಯಕ್ಕೆ ಯಾರಾದರೂ ಏಳು ತರುತ್ತಾರಾ ಅಂದಳು. ಚಿಕ್ಕಪ್ಪ ವಿನಯದಿಂದ, ನಮ್ಮ ಕಡೆ ಬೆಸವೇ ಶುಭ, ಬೆಸ ಸಂಖ್ಯೆ ಬೆಳೆಯುತ್ತದೆ, ಒಳಗಿರುವ ಸಾಮಾನು ಮಾತ್ರ ಸಮ ಎಂದು ವಿವರಿಸಿದ. ಥೂಯ್‌ಳ ಅಪ್ಪ, ಇದೆಲ್ಲ ಮೊದಲೇ ಮಾತಾಗಿದೆ, ನಾನು ಒಪ್ಪಿದ್ದೇನೆ ಅಂದ. ಅಜ್ಜಿ ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಎರಡೆರಡು ಜೋಡಿ ಮಾಡ್ಕೊಂಡು ಬಾ, ಎಣಿಸು," ಅಂದಳು. "ಕೊನೇಲಿ ಒಬ್ಬ ಒಂಟಿ ಉಳೀತಾನೆ. ನನ್ನ ಮೊಮ್ಮಗಳ ಮನೆಗೆ ಒಂಟಿ ಬರೋದು ಬೇಡ."

ಆ ಕ್ಷಣ ಲುವಾನನಿಗೆ ಆದದ್ದು ಸಂತೋಷ. ಮುರಿದುಬೀಳುತ್ತದೆ, ಚಿಕ್ಕಪ್ಪ ಮೂಗಿನ ಮೇಲೆ ಕೋಪದವನು, ಒಂದು ಮಾತು ಜಾಸ್ತಿಯಾದರೂ ಸಾಕು, ಎಲ್ಲರೂ ವ್ಯಾನು ಹತ್ತಿ, ರೈಲು ಹತ್ತಿ, ಖಾಂಗ್ ಮತ್ತೆ ಎದುರಿನ ಬೆಂಚಿನಲ್ಲಿ ಬಾಯಿ ತೆರೆದು ಮಲಗುತ್ತಾನೆ. ಮುಖದ ಮೇಲೆ ಏನಾದರೂ ಕಂಡೀತೆಂದು ತಲೆ ತಗ್ಗಿಸಿದ. ಯಾರೋ ಎಂಟನೆಯದನ್ನು ತರೋಣ ಅಂದರು. ಹರಿವಾಣ ಎಲ್ಲಿ, ಹೊರುವವನೆಲ್ಲಿ, ಮುಹೂರ್ತ ಮೀರುತ್ತಿದೆ ಎಂದರು ಇನ್ನೊಬ್ಬರು. ಹಾಗಾದರೆ ಒಂದನ್ನು ಬಿಡಬೇಕು. ಎಲೆಯಡಿಕೆ ಬಿಡುವಂತಿಲ್ಲ, ಮದ್ಯ ಬಿಡುವಂತಿಲ್ಲ. ಚಿಕ್ಕಪ್ಪ ಸಾಲಿನುದ್ದಕ್ಕೂ ನೋಡಿ, ಈ ಅವಲಕ್ಕಿ ಸಿಹಿ ಇಲ್ಲಿಯವರಿಗೆ ರೂಢಿಯಿಲ್ಲ, ಇದನ್ನೇ ಬಿಡೋಣ ಅಂದ. ಆಮೇಲೆ ಸ್ವಲ್ಪ ತಡೆದು, ಸಿಹಿ ಬಿಟ್ಟರೂ ಹುಡುಗ ಬೇಕಾದರೆ ಬೇರೆ ಹರಿವಾಣ ಹಿಡಿಯಬಹುದು, ಕಾರ್ಖಾನೆಯವರಲ್ಲಿ ಒಬ್ಬರು ಹಿಂದೆ ನಿಲ್ಲಲಿ ಎಂದು ಖಾಂಗನ ಮುಖ ನೋಡಿದ. ಲುವಾನನೂ ನೋಡಿದ. ಕಾರ್ಖಾನೆಯ ಹುಡುಗರೂ ನೋಡಿದರು. ಖಾಂಗ್ ಯೋಚಿಸಲಿಲ್ಲ. ಯೋಚಿಸಿದ್ದರೆ, ಒಂದು ಉಸಿರಿನಷ್ಟಾದರೂ ತಡವರಿಸಿದ್ದರೆ, ಲುವಾನ್ ಅದನ್ನು ಇಡೀ ಜನ್ಮ ಇಟ್ಟುಕೊಳ್ಳುತ್ತಿದ್ದ.

"ಬೇಡ ಚಿಕ್ಕಪ್ಪ, ಕಾರ್ಖಾನೆ ಹುಡುಗರಿಗೆ ಬೇಜಾರಾಗುತ್ತೆ," ಅಂದ ಖಾಂಗ್. "ಲುವಾನ್ ನಮ್ಮವನೇ. ಅವನಿಗೇನೂ ಅನಿಸಲ್ಲ."

ಅಂದು, ಲುವಾನನ ಕಡೆ ತಿರುಗಿ, ಕಣ್ಣು ಮಿಟುಕಿಸಿದ. ಪರೀಕ್ಷೆಯಲ್ಲಿ ತನ್ನ ತಪ್ಪನ್ನು ಇವನ ತಲೆಗೆ ಕಟ್ಟಿದಾಗ, ಮೀನುಕೊಳದವನು ಅಟ್ಟಿಸಿಕೊಂಡು ಬಂದಾಗ ಇವನ ಸೈಕಲ್ಲನ್ನೇ ಹತ್ತಿ ಓಡಿಹೋದಾಗ, ಎಲ್ಲ ಸಲವೂ ಮಿಟುಕಿಸಿದ್ದು ಹೀಗೆಯೇ. ಇವನು ನಕ್ಕದ್ದೂ ಹೀಗೆಯೇ. ಈಗಲೂ ನಕ್ಕ. ಅವನಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ನಕ್ಕು, ಸಾಲಿನಿಂದ ಹೊರಗೆ ಸರಿದು ಗೋಡೆಗೆ ಒರಗಿದ. ಆರು ಹರಿವಾಣಗಳು ಜೋಡಿ ಜೋಡಿಯಾಗಿ ಮುಂದೆ ಸಾಗಿದವು. ಬಾಗಿಲಲ್ಲಿ ಖಾಂಗ್ ಒಮ್ಮೆ ಟೈ ಮುಟ್ಟಿ ನೋಡಿಕೊಂಡ, ಆಮೇಲೆ ಒಳಗಿನ ಜನರ ಬೆನ್ನುಗಳು ಅವನನ್ನು ಮುಚ್ಚಿದವು.

ಗಲ್ಲಿಯಲ್ಲಿ ಚಪ್ಪಲಿಗಳ ರಾಶಿ, ಒಂದು ಬೆಕ್ಕು, ಲುವಾನ್. ಒಂಟಿ ಬರುವುದು ಬೇಡ ಎಂದು ಅಜ್ಜಿ ಹೇಳಿದ್ದು ಹರಿವಾಣದ ಲೆಕ್ಕಕ್ಕೆ ಎಂದು ಅವನಿಗೆ ಗೊತ್ತು. ಆದರೂ ಮುದುಕಿಯ ಕಣ್ಣು ತನ್ನ ಮೇಲೆಯೇ ನಿಂತಿತ್ತೇನೋ, ರೈಲಿನಲ್ಲಿ ಬಯಸಿದ್ದು, ಈಗ ಸಂತೋಷಪಟ್ಟದ್ದು ಎಲ್ಲ ಅವಳಿಗೆ ಕಂಡಿತ್ತೇನೋ ಎಂಬ ಅನುಮಾನ ಕೊರೆಯತೊಡಗಿತು. ಇವನು ಕೇಡು ಬಯಸಿದ, ಕೇಡು ಇವನಿಗೇ ಸುತ್ತಿಕೊಂಡಿತು, ಅಷ್ಟೇ, ಇದರಲ್ಲಿ ಖಾಂಗನ ತಪ್ಪೇನು. ಹೀಗೆ ತನ್ನ ಮೇಲೆಯೇ ಎಲ್ಲ ಹಾಕಿಕೊಂಡಾಗ ಸ್ವಲ್ಪ ಹಗುರವಾಗುತ್ತಿತ್ತು. ಮತ್ತೆ 'ಏನೂ ಅನಿಸಲ್ಲ' ಎನ್ನುವ ಮಾತು ಬಂದು ಎದೆಯಲ್ಲಿ ಕೂರುತ್ತಿತ್ತು. ಒಳಗೆ ಯಾರೋ ಮೈಕಿನಲ್ಲಿ ಎರಡೂ ಕಡೆಯ ಹಿರಿಯರ ಹೆಸರು ಹೇಳುತ್ತಿದ್ದರು. ಊದಿನಕಡ್ಡಿಯ ವಾಸನೆ ಗಲ್ಲಿಗೂ ಬಂತು. ಇದೇ ಆ ಗಳಿಗೆ ಇರಬೇಕೆಂದು ಅವನು ನೆಟ್ಟಗೆ ನಿಂತುಕೊಂಡ. ನೋಡಲು ಎದುರಿಗೆ ಬೆಕ್ಕಿನ ಹೊರತು ಏನೂ ಇರಲಿಲ್ಲ.

"ನೀವೇನಾ ಏಳನೆಯವರು?"

ಹಳದಿ ನಿಲುವಂಗಿಯ ಹುಡುಗಿಯೊಬ್ಬಳು ಹಿಮ್ಮಡಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬಂದಿದ್ದಳು. ಹೆಸರು ಸೆನ್, ಥೂಯ್‌ಳ ಚಿಕ್ಕಮ್ಮನ ಮಗಳು. ಹುಡುಗ ಕಡಿಮೆಯಾದ ಮೇಲೆ ಹುಡುಗಿಯೂ ಕಡಿಮೆಯಾಗಬೇಕಲ್ಲ, ಅದಕ್ಕೇ ಅವಳನ್ನು ಅಡುಗೆಮನೆಗೆ ಅಟ್ಟಿದ್ದರು. ಫೋಟೋಕ್ಕೆಂದು ಮೂರು ತಾಸು ಕೂದಲು ಕಟ್ಟಿಸಿಕೊಂಡಿದ್ದೆ, ಈಗ ಈರುಳ್ಳಿ ಹೆಚ್ಚು ಅಂತಾರೆ ಎಂದು ದೂರಿದಳು. ಮಾತು ಬಾಯಲ್ಲೇ ಕರಗಿದಂತೆ ಮೆತ್ತಗೆ ಹೊರಬರುತ್ತಿತ್ತು. ಅವಳು ತನ್ನ ಕೆಂಪು ಲಕೋಟೆ ತೆಗೆದು ಚಾಚಿದಳು. ಲುವಾನ್ ಜೇಬಿನ ಮೇಲೆ ಕೈಯಿಟ್ಟುಕೊಂಡ. ಖಾಂಗ್ ತನ್ನ ಕೈಯಾರೆ ಇಟ್ಟದ್ದು. ತಾನು ಹೊತ್ತದ್ದೇ ಇಲ್ಲ, ಅವಳು ಇಳಿಸಿಕೊಂಡದ್ದೇ ಇಲ್ಲ, ಬದಲಿಸುವುದು ಯಾಕೆ ಅಂದ.

"ಯಾಕೆ ಅಂದ್ರೆ? ನಂಗೆ ಮದುವೆ ಆಗ್ಬೇಕು ಅಣ್ಣ. ನಿಮ್ಮ ಹಟಕ್ಕೆ ನಾನ್ಯಾಕೆ ಮೂಲೇಲಿ ಕೂತ್ಕೊಳ್ಲಿ?" ಅಂದು ನಕ್ಕಳು. ಅವನು ನಗದಿದ್ದುದನ್ನು ಕಂಡು ತಾನೂ ನಿಲ್ಲಿಸಿ, ನಿಮ್ಮನ್ನು ಬಿಡಬೇಕೂಂತ ಹೇಳಿದ್ದು ಯಾರು ಎಂದು ಕೇಳಿದಳು. ಅವನೇ, ಮದುಮಗ, ಅಂದ ಲುವಾನ್. ಸೆನ್ ಗೋಡೆಗೆ ಒರಗಿ, ಒಂದು ಕಾಲಿನ ಪಾದವನ್ನು ಇನ್ನೊಂದರಿಂದ ಉಜ್ಜಿಕೊಂಡಳು. "ನನ್ನ ವಿಷಯದಲ್ಲೂ ಥೂಯ್ ಅಕ್ಕಾನೇ ಹೇಳಿದ್ದು. ಸೆನ್‌ಗೆ ಏನೂ ಅನಿಸಲ್ಲ ಅಂತ."

"ಅನಿಸ್ತಾ?"

"ಅನಿಸ್ತು. ನಿಮಗೆ?"

ಹೌದು ಎನ್ನಲು ಬಾಯಿ ತೆರೆದರೆ ಅದರ ಹಿಂದೆಯೇ ಎಲ್ಲವೂ ಹೊರಬಂದೀತೆಂದು ಹೆದರಿ ಅವನು ಸುಮ್ಮನೆ ಲಕೋಟೆ ತೆಗೆದು ಅವಳ ಕೈಗೆ ಕೊಟ್ಟ. ಅವಳದು ಅವನ ಜೇಬಿಗೆ ಬಂತು. ಒಳಗಿನಿಂದ ಯಾರೋ ಈರುಳ್ಳಿ ಎಂದು ಕೂಗಿದರು, ಸೆನ್ ಮುಖ ಸೊಟ್ಟಗೆ ಮಾಡಿ ಓಡಿದಳು.

ಅಲ್ಲಿ ನಿಲ್ಲುವುದು ಇನ್ನು ಆಗಲಿಲ್ಲ. ಗಲ್ಲಿಯಿಂದ ಹೊರಬಂದರೆ ವ್ಯಾನಿಗೆ ಬೀಗ, ಚಾಲಕ ಎಲ್ಲಿಗೋ ಹೋಗಿದ್ದ. ರಸ್ತೆಯ ಆಚೆ ಒಂದು ಹುಣಸೆಮರದ ನೆರಳಲ್ಲಿ ಕಾಫಿ ಮಾರುವ ಮುದುಕಿ, ಗಿಡ್ಡನೆಯ ಪ್ಲಾಸ್ಟಿಕ್ ಸ್ಟೂಲುಗಳು. ನಡುವೆ ಅದೇ ಪ್ರವಾಹ. ಎರಡೂ ಕೈಯಲ್ಲಿ ಹರಿವಾಣ, ಮಣಿಕಟ್ಟು ಹಿಡಿಯಲು ಯಾರೂ ಇಲ್ಲ. ಲುವಾನ್ ಇಳಿದ. ಒಂದು ಲಾರಿಯ ಹಾರನ್ನಿಗೆ ಮೈ ಜುಮ್ಮೆಂದು ಕಾಲು ಹಿಂದಕ್ಕೆ ಹೊರಟಿತು. ಹಿಂದಕ್ಕಂತೂ ಇಡಲೇಬೇಡ ಎಂಬ ದನಿ ಕಿವಿಯಲ್ಲೇ ಕೇಳಿ, ಕಾಲನ್ನು ಮುಂದಿಟ್ಟ. ಆ ದನಿಯ ಮೇಲೆ ಈಗ ಅವನಿಗೆ ಸಿಟ್ಟಿತ್ತು, ಆದರೂ ನಡೆಸುತ್ತಿದ್ದುದು ಅದೇ. ಬೈಕುಗಳು ಎಡಕ್ಕೂ ಬಲಕ್ಕೂ ಸರಿದು ದಾರಿಬಿಟ್ಟವು. ಕೆಂಪು ಬಟ್ಟೆ ಕಂಡು ಒಬ್ಬ ಹಾರ್ನ್ ಬಾರಿಸಿ ಹಲ್ಲುಕಿರಿದ, ಹಿಂದಿನ ಸೀಟಿನ ಹೆಂಗಸೊಬ್ಬಳು ಶುಭವಾಗಲಿ ಎಂದು ಕೂಗಿಕೊಂಡೇ ಹೋದಳು. ಆಚೆ ಮುಟ್ಟುವಷ್ಟರಲ್ಲಿ ಅಂಗಿ ಪೂರಾ ಒದ್ದೆಯಾಗಿತ್ತು.

ಮುದುಕಿ ಐಸು ಹಾಕಿದ ಕಾಫಿ, ಜೊತೆಗೆ ಚಹಾ ಇಟ್ಟು, ಹರಿವಾಣದ ಕಡೆ ಗದ್ದ ತೋರಿಸಿದಳು. ಲುವಾನ್ ಬಟ್ಟೆ ಸರಿಸಿ ಮುಚ್ಚಳ ತೆಗೆದ. ಸೆಕೆಗೆ ಬಾಳೆಲೆ ಬಾಡಿತ್ತು, ದಾರ ಮಾತ್ರ ಬಿಗಿಯಾಗಿಯೇ ಇತ್ತು. ತಗೊಳ್ಳಿ, ಎಲ್ಲ ನಿಮಗೇ, ನಮ್ಮಮ್ಮ ಮಾಡಿದ್ದು ಅಂದ. ಬೇಡವೆಂದರೂ ಬಿಡದೆ ಅವಳ ಅಲ್ಯುಮಿನಿಯಂ ಬೋಗುಣಿಗೆ ಒಂದೊಂದಾಗಿ ಎಲ್ಲವನ್ನೂ ಇಟ್ಟ. ಮುದುಕಿ ಒಂದನ್ನು ಬಿಚ್ಚಿ, ಹಸಿರು ಬಣ್ಣವನ್ನು ಸಂಶಯದಿಂದ ನೋಡಿ, ಕಚ್ಚಿದಳು. ಚೆನ್ನಾಗಿದೆ ಅಂದಳು. ನಿಶ್ಚಿತಾರ್ಥದ ಸಿಹಿ ತಿಂದವರು ಯಾರದೆಂದು ಕೇಳಬೇಕು, ಹರಸಬೇಕು, ಅವಳೂ ಕೇಳಿದಳು.

"ಯಾರದು ಮಗಾ, ನಿಂದಾ?"

"ಹೂಂ," ಅಂದ ಲುವಾನ್. "ನಂದೇ."

"ಎಲ್ಲಿಯವಳು?"

"ನಮ್ಮೂರೇ. ನಮ್ಮ ಬೀದಿ."

"ಹೆಸರು?"

ಸುಳ್ಳು ಹೆಸರುಗಳು ಬೇಕಾದಷ್ಟಿದ್ದವು. ಊರಿನ ಹುಡುಗಿಯರ ಹೆಸರುಗಳೇ ಸಾಲಾಗಿ ನೆನಪಾದವು. ಯಾವುದನ್ನೂ ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. ಯಾರೂ ಗುರುತಿಲ್ಲದ ಈ ಊರಿನಲ್ಲಿ, ನಾಳೆ ಬಿಟ್ಟುಹೋಗುವ ಈ ಬೀದಿಯಲ್ಲಿ, ಒಮ್ಮೆಯಾದರೂ ಗಟ್ಟಿಯಾಗಿ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು ಅನಿಸಿತು.

"ಖಾಂಗ್."

ಗಂಡಸಿನ ಹೆಸರು. ಮುದುಕಿ ಜಗಿಯುವುದನ್ನು ನಿಲ್ಲಿಸಿದಳು. ತಪ್ಪಾಯಿತೆಂದು ಲುವಾನ್ ಗ್ಲಾಸಿನ ಐಸನ್ನು ನೋಡುತ್ತ ಕೂತ. ಆಗಲೇ ಎದುರು ಗಲ್ಲಿಯ ಬಾಯಲ್ಲಿ ಕೋಟಿನ ಎದೆಗೆ ಕೆಂಪು ಹೂ ಸಿಕ್ಕಿಸಿಕೊಂಡ ಖಾಂಗ್ ಕಾಣಿಸಿಕೊಂಡು, ವ್ಯಾನಿನ ಸುತ್ತ ಹುಡುಕಿ, ರಸ್ತೆಯಾಚೆ ಇವನನ್ನು ಕಂಡು ಎರಡೂ ಕೈ ಬೀಸಿದ. ಅವನ ಟೈ ಬೇರೆ ಥರ ಇತ್ತು. ಯಾರೋ ಬಿಚ್ಚಿ, ಇಲ್ಲಿಯವರು ಕಟ್ಟುವಂತೆ ಕಟ್ಟಿದ್ದರು.

"ಲುವಾನ್! ಊಟಕ್ಕೆ ಬಾರೋ! ಎಲ್ಲ ಕೇಳ್ತಿದಾರೆ!"

ಅವನ ಹಿಂದಿನಿಂದ ಹೆಣ್ಣುದನಿಯೊಂದು, ಖಾಂಗ್, ಫೋಟೋಕ್ಕೆ ಕರೀತಿದಾರೆ ಎಂದು ಕೂಗಿತು. ಖಾಂಗ್ ಬಂದೆ ಎಂದು ತಿರುಗಿ ಹೇಳಿ, ಮತ್ತೆ ಇವನ ಕಡೆ ಕೈ ಬೀಸಿ, ಕಣ್ಣು ಮಿಟುಕಿಸಿದನೋ ಏನೋ, ಅಷ್ಟು ದೂರಕ್ಕೆ ಕಾಣಿಸಲಿಲ್ಲ. ಬೈಕುಗಳು ಹರಿಯುತ್ತಲೇ ಇದ್ದವು. ಲುವಾನ್ ಕೈಯೆತ್ತಿ, ಬರುತ್ತೇನೆ ಎನ್ನುವಂತೆ ಸನ್ನೆ ಮಾಡಿದ. ಎತ್ತಿದ ಕೈಯನ್ನು ಇಳಿಸಲು ಮರೆತು ಹಾಗೆಯೇ ಕೂತ. ಕಣ್ಣಿನಿಂದ ನೀರು ಇಳಿಯುತ್ತಿರುವುದು ಅದು ತುಟಿಗೆ ಬಂದು ಉಪ್ಪಾದ ಮೇಲೆ ಅವನಿಗೆ ತಿಳಿಯಿತು.

ಮುದುಕಿ ಆಚೆಯವನ ಎದೆಯ ಹೂವನ್ನು ನೋಡಿದಳು, ಈಚೆಯವನ ಮುಖವನ್ನು ನೋಡಿದಳು. ಹೆಗಲ ಮೇಲಿನ ಚೌಕಳಿ ಬಟ್ಟೆಗೆ ಕೈ ಒರೆಸಿಕೊಂಡು, ಬೋಗುಣಿಯನ್ನು ಮುಂದಕ್ಕೆ ಎಳೆದುಕೊಂಡು, ಸಿಹಿಯ ಪೊಟ್ಟಣಗಳನ್ನು ಎರಡೆರಡಾಗಿ ಎತ್ತಿ ಹರಿವಾಣಕ್ಕೆ ವಾಪಸು ಜೋಡಿಸತೊಡಗಿದಳು. ಬೇಡ, ಎಲ್ಲ ನಿಮಗೇ ಕೊಟ್ಟದ್ದು ಅಂದ ಲುವಾನ್.

"ಪೂರ್ತಿ ಇಟ್ಕೊಳ್ಳೋದು ಪದ್ಧತಿ ಅಲ್ಲ," ಅಂದಳು ಮುದುಕಿ.

ಅರ್ಧ ತುಂಬಿದ ಮೇಲೆ ಕೆಂಪು ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಮುಚ್ಚಳ ಎತ್ತಿ, ಅಂಗೈಯಿಂದ ಒಮ್ಮೆ ಒರೆಸಿ, ಅಂಗಾತ ಮಾಡಿ ಹರಿವಾಣದ ಮೇಲಿಟ್ಟಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.

"ತಗೊಂಡಿದೀವಿ ಅಂತ ನಿಮ್ಮಮ್ಮಂಗೆ ಹೇಳು."